ಕತ್ತಲೆ ಕೋಣೆಯ ಎರಡು ಮಾತು

ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ‘ಮೊಟ್ಟೆ ನೋಡುತ್ತಿದ್ದೆ’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಮಾಲೂರಿನಿಂದ ಕೋಲಾರಕ್ಕೆ ಹೋಗುವ ರಸ್ತೆಯಲ್ಲಿ ಕೋಳಿಮರಿ ಮಾಡಿಸುವ ಒಂದು ಹ್ಯಾಚರಿ ಇದೆ. ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಸೇರಿದವಳು ಮಂಡಿ ಹಿಡಿದುಕೊಂಡು ಏಳುವ ವಯಸ್ಸಿನ ತನಕ ಅಲ್ಲೇ ಇದ್ದೆ. ಕಾವಿಗೆ ಇಟ್ಟ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ಒಳಗೆ ಜೀವ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಈಗ ಅದೇ ಕೆಲಸಕ್ಕೆ ಹೋಗುವ ಹುಡುಗಿಯರು ಬಸ್ಸಿನಲ್ಲಿ ಸಿಕ್ಕಾಗ ‘ಹೇಗಿರುತ್ತೆ ಪದ್ಮಾ ಆಂಟಿ?’ ಎಂದು ಕೇಳುತ್ತಾರೆ. ಅವರ ಸ್ಟಾಪ್ ಬರುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಆ ಕೆಲಸಕ್ಕೆ ಹೋದರೆ ನಿಮ್ಮ ಮನೆಯಲ್ಲಿ ಕೋಳಿ ಸಾಕುವ ಹಾಗಿಲ್ಲ. ನಮ್ಮ ಶಿವಾರಪಟ್ಟಣದಲ್ಲಿ ಪ್ರತಿ ಅಂಗಳದಲ್ಲೂ ಕೆತ್ತಿ ಮುಗಿಯದ ಕಲ್ಲಿನ ದೇವರ ಸುತ್ತ ಕೋಳಿ ಕೆದಕುತ್ತಿರುತ್ತವೆ. ದಿನವಿಡೀ ಮೊಟ್ಟೆ ನೋಡುವ ನನ್ನ ಮನೆಯಲ್ಲಿ ಮಾತ್ರ ಒಂದು ಪುಕ್ಕವೂ ಸಿಗುತ್ತಿರಲಿಲ್ಲ. ಊರ ಕೋಳಿಯ ಕಾಯಿಲೆ ನಮ್ಮ ಚಪ್ಪಲಿಗೆ ಅಂಟಿಕೊಂಡು ಹ್ಯಾಚರಿಯೊಳಗೆ ಬಂದರೆ ಅಲ್ಲಿರುವುದೆಲ್ಲ ಹೋದ ಹಾಗೆಯೇ. ಯಾರಾದರೂ ಕಾಯಿಲೆಯ ಕೋಳಿ ಇರುವ ಮನೆಗೆ ಹೋದರೆ ಮತ್ತೆ ಎಷ್ಟೋ ದಿನ ಗೇಟಿನೊಳಗೆ ಬಿಡುತ್ತಿರಲಿಲ್ಲ. ಈ ನಿಯಮವನ್ನು ನಾನು ಬೈದುಕೊಂಡಿದ್ದೇನೆ, ಆದರೆ ತಪ್ಪು ಎಂದು ಯಾವತ್ತೂ ಅನ್ನಿಸಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮಾತು ಬರುತ್ತದೆ.

ನನಗೆ ಕೆಲಸ ಕಲಿಸಿದವರು ಮುನಿವೆಂಕಟಮ್ಮ. ಮುಳಬಾಗಿಲಿನ ಆಚೆ ಬೈರಕೂರಿನವರು, ತವರು ಶ್ರೀನಿವಾಸಪುರದ ಕಡೆ. ವಾರವಿಡೀ ಮಾಲೂರಿನಲ್ಲಿ ತಂಗಿಯ ಮನೆಯಲ್ಲಿದ್ದು ರಜೆಯ ದಿನ ಊರಿಗೆ ಹೋಗುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು ಮಾತು. ಹೊಗಳುವುದಿದ್ದರೆ ಕನ್ನಡ, ಬೈಯುವುದಿದ್ದರೆ ತೆಲುಗು. ನನ್ನ ಪಾಲಿಗೆ ಮೊದಮೊದಲು ತೆಲುಗೇ ಹೆಚ್ಚು ಬರುತ್ತಿತ್ತು.

ನೋಡುವ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿದ್ದರೂ ಒಳಗೆ ಕತ್ತಲೆ. ಆಗೆಲ್ಲ ತಗಡಿನ ಡಬ್ಬ, ಅದರೊಳಗೆ ಬಲ್ಬು, ಮೇಲೊಂದು ತೂತು. ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿನ ಮೇಲಿಟ್ಟರೆ ಇಡೀ ಮೊಟ್ಟೆ ಒಳಗಿನಿಂದ ಬೆಳಗುತ್ತದೆ. ಕಾವಿಗಿಟ್ಟು ಒಂದು ವಾರವಾದ ಮೊಟ್ಟೆಯಾದರೆ ಕೆಂಪು ಎಳೆಗಳು ನಾಲ್ಕೂ ಕಡೆಗೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕಿ. ಅದು ಮರಿಯ ಕಣ್ಣು. ಬೇರೆ ಏನೂ ತಿಳಿಯುವ ಮೊದಲು ಕಣ್ಣೇ ಕಾಣುತ್ತದೆ. ಬೆಳಕು ತಾಗಿದರೆ ಆ ಚುಕ್ಕಿ ಮಿಸುಕುತ್ತದೆ. ಜೀವ ಹೋಗಿದ್ದರೆ ಎಳೆಗಳು ಒಡೆದು ಒಂದು ರಕ್ತದ ಬಳೆಯಾಗಿ ನಿಂತಿರುತ್ತವೆ. ನಾನು ಮೊದಲ ಸಲ ಆ ಚುಕ್ಕಿ ಮಿಸುಕಿದ್ದು ನೋಡಿದಾಗ ಮೊಟ್ಟೆ ಕೈ ಜಾರಿ ಬಿತ್ತು. ಮುನಿವೆಂಕಟಮ್ಮ ತೆಲುಗಿನಲ್ಲಿ ಏನೋ ಅಂದರು, ಅದನ್ನು ಇಲ್ಲಿ ಬರೆಯುವುದು ಬೇಡ.

ಆ ಕೋಣೆಯಲ್ಲಿ ‘ಸತ್ತಿದೆ’ ಎಂಬ ಮಾತು ಆಡುವ ಹಾಗಿರಲಿಲ್ಲ. ಇದು ಹ್ಯಾಚರಿಯವರ ನಿಯಮವಲ್ಲ, ಮುನಿವೆಂಕಟಮ್ಮನದು. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ತೆಗೆದಿಡಬೇಕು. ಜೀವ ಇದ್ದರೆ ‘ವಸ್ತುಂದಿ’, ಬರುತ್ತದೆ. ಇಲ್ಲದಿದ್ದರೆ ‘ರಾದು’, ಬರುವುದಿಲ್ಲ. ಅಷ್ಟೇ. ಕನ್ನಡದವರು, ತೆಲುಗಿನವರು, ಮನೆಯಲ್ಲಿ ಉರ್ದು ಆಡುವವರು, ಎಲ್ಲರಿಗೂ ಅವೇ ಎರಡು ಮಾತು. ಯಾಕೆ ಎಂದು ನಾನು ಕೇಳಿದ್ದಕ್ಕೆ ಅವರು, “ಸುತ್ತ ನೋಡೇ. ಯಾವಾಗ್ಲೂ ಇಲ್ಲಿ ಒಬ್ಬಳಾದ್ರೂ ಬಸುರಿ ಇರ್ತಾಳೆ. ದಿನವಿಡೀ ಸತ್ತಿದೆ ಸತ್ತಿದೆ ಅಂತ ಕೇಳಿಸ್ಕೊಂಡು ಮನೆಗೆ ಹೋಗ್ಬೇಕಾ ಅವಳು?” ಎಂದರು. ನಾನೂ ಮುಂದೆ ಅದೇ ಕೋಣೆಯಲ್ಲಿ ಬಸುರಿಯಾಗಿ ಕೂತೆ. ಆಗ ಆ ಮಾತಿನ ಬೆಲೆ ಗೊತ್ತಾಯಿತು.

ಅವರ ಇನ್ನೊಂದು ಕಟ್ಟಪ್ಪಣೆ ಇದಕ್ಕೆ ಉಲ್ಟಾ. ಕನಿಕರಕ್ಕೆ ಯಾವತ್ತೂ ‘ವಸ್ತುಂದಿ’ ಅನ್ನಬಾರದು. ಅಯ್ಯೋ ಪಾಪ ಎಂದು ಬಿಟ್ಟ ಮೊಟ್ಟೆ ಒಳಗೇ ಕೊಳೆತು ಒಡೆಯುತ್ತದೆ, ಪಕ್ಕದಲ್ಲಿರುವ ಒಳ್ಳೆಯದನ್ನೂ ಕೆಡಿಸುತ್ತದೆ. ಅನುಮಾನ ಇದ್ದರೆ ಬೇರೆ ಟ್ರೇಯಲ್ಲಿ ಇಡು, ಇನ್ನೊಂದು ಸಲ ನೋಡು. ಆದರೆ ಸುಳ್ಳು ಹೇಳಬೇಡ. ಹುಡುಗಿಯರೇ, ಈ ಕೆಲಸದಲ್ಲಿ ಕಷ್ಟವಿರುವುದು ಕಣ್ಣಿಗಲ್ಲ, ಬಾಯಿಗೆ.

ಅನುಮಾನದ ಮೊಟ್ಟೆಗೆ ಅವರ ಹತ್ತಿರ ಇನ್ನೊಂದು ಉಪಾಯವಿತ್ತು. ಕಣ್ಣು ಮುಚ್ಚಿ, ಮೊಟ್ಟೆಯನ್ನು ರೆಪ್ಪೆಯ ಮೇಲೆ ಇಟ್ಟುಕೊಳ್ಳುವುದು. ಬೆಳೆದ ಮರಿಗೆ ತನ್ನದೇ ಮೈಬಿಸಿ ಇರುತ್ತದೆ, ಜೀವ ಹೋದದ್ದು ಬೇಗ ತಣ್ಣಗಾಗುತ್ತದೆ. ಅಂಗೈ ಕೆಲಸ ಮಾಡಿ ಒರಟಾಗಿರುತ್ತದೆ, ಅದಕ್ಕೆ ತಿಳಿಯದ ಬಿಸಿ ರೆಪ್ಪೆಗೆ ತಿಳಿಯುತ್ತದೆ. ಅವರಿಗೆ ಅವರ ತಾಯಿ ಕಲಿಸಿದ್ದಂತೆ. ಹ್ಯಾಚರಿಯ ಕೋಳಿಗಳನ್ನು ನೋಡಿಕೊಳ್ಳುವ ನಮ್ಮ ಡಾಕ್ಟರ್ ಮೇಡಂ ಒಂದು ದಿನ ಇದನ್ನು ನೋಡಿ ಹೌಹಾರಿದರು. ಕೋಳಿಯ ಹೊಟ್ಟೆಯಿಂದ ಬಂದದ್ದನ್ನು ಕಣ್ಣಿಗೆ ಒತ್ತಿಕೊಂಡರೆ ಕಣ್ಣು ಏನಾಗಬೇಕು ಎಂದು ಬೈದು ನಿಲ್ಲಿಸಿದರು. ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು. ಮುನಿವೆಂಕಟಮ್ಮ ತಲೆಯಾಡಿಸಿದರು, ಮೇಡಂ ರಜೆ ಹಾಕಿದ ದಿನ ಮಾತ್ರ ಒತ್ತಿಕೊಂಡರು.

ಎಡವಟ್ಟುಗಳೂ ಬೇಕಾದಷ್ಟು ಆದವು. ಎಲ್ಲಕ್ಕಿಂತ ದೊಡ್ಡದು ಆಯುಧ ಪೂಜೆಯದು. ಆಗ ಒಬ್ಬ ಮ್ಯಾನೇಜರು ಇದ್ದರು, ತುಂಬ ಭಕ್ತರು. ಕಾವು ಕೊಡುವ ಬಿಸಿ ಯಂತ್ರಗಳಿಗೆಲ್ಲ ಹೂವು ಏರಿಸಿದ ಮೇಲೆ ಅವರಿಗೆ ಸಮಾಧಾನವಾಗಲಿಲ್ಲ. ಅನ್ನ ಕೊಡುವುದು ಯಂತ್ರವಲ್ಲ, ಮೊಟ್ಟೆ ಎಂದು ಒಂದು ಟ್ರೇ ಹೊರಗೆ ತೆಗೆಸಿ, ಕಲಸಿದ ಕುಂಕುಮವನ್ನು ತಮ್ಮ ಕೈಯಾರೆ ಒಂದೊಂದು ಮೊಟ್ಟೆಗೂ ಇಟ್ಟರು. ಮಾರನೆಯ ದಿನ ಆ ಟ್ರೇ ನಮ್ಮ ಕೋಣೆಗೆ ಬಂತು. ನೋಡಲು ಕೂತಿದ್ದವಳು ಹೊಸಬಳು. ಒಣಗಿದ ಕುಂಕುಮದ ಅಂಚು ಬೆಳಕಿನಲ್ಲಿ ಥೇಟ್ ರಕ್ತದ ಬಳೆಯ ಹಾಗೆ ಕಂಡಿದೆ. ‘ರಾದು, ರಾದು, ರಾದು’ ಎನ್ನುತ್ತಾ ಸಾಲಾಗಿ ಅಷ್ಟನ್ನೂ ತೆಗೆಸುತ್ತಿದ್ದಾಳೆ. ಮುನಿವೆಂಕಟಮ್ಮ ಎದ್ದು ಬಂದು ಒಂದನ್ನು ಎತ್ತಿ ಸೆರಗಿನಿಂದ ಉಜ್ಜಿದರು. ಸೆರಗು ಕೆಂಪಾಯಿತು. “ಪೂಜೆ ಮಾಡಿ ಕೊಲ್ಲೋದನ್ನ ಇವತ್ತೇ ನೋಡಿದ್ದು,” ಎಂದರು. ಕೋಣೆಯಲ್ಲಿ ನಾವು ನಕ್ಕ ನಗು ಆಫೀಸಿನ ತನಕ ಕೇಳಿತಂತೆ. ಮರುವರ್ಷದಿಂದ ಕುಂಕುಮ ಯಂತ್ರದ ಬಾಗಿಲಿಗೆ ಮಾತ್ರ.

ತಗಡಿನ ಡಬ್ಬ ಹೋಗಿ ಟಾರ್ಚಿನಂಥ ದೀಪ ಬಂತು, ಅದು ಹೋಗಿ ದೊಡ್ಡ ಯಂತ್ರ ಬಂತು. ಯಂತ್ರ ಒಂದೊಂದೇ ಮೊಟ್ಟೆ ನೋಡುವುದಿಲ್ಲ, ಇಡೀ ಟ್ರೇಯನ್ನು ಒಂದೇ ಸಲಕ್ಕೆ ನೋಡುತ್ತದೆ, ಒಳಗಿನ ಎದೆಬಡಿತವನ್ನೂ ಹಿಡಿಯುತ್ತದೆ. ಅದು ನನಗಿಂತ ಚೆನ್ನಾಗಿ ನೋಡುತ್ತದೆ, ಒಪ್ಪಿಕೊಳ್ಳಲು ನನಗೇನೂ ಸಂಕಟವಿಲ್ಲ. ನನ್ನ ಕತ್ತು ನೋವು ಅರ್ಧ ಕಡಿಮೆಯಾಗಿದ್ದೇ ಅದರಿಂದ. ಯಂತ್ರ ಅನುಮಾನ ಪಟ್ಟದ್ದನ್ನು ಮಾತ್ರ ನಾವು ಕೈಯಲ್ಲಿ ಹಿಡಿದು ನೋಡುತ್ತಿದ್ದೆವು. ಆದರೆ ಕೋಣೆಯಲ್ಲಿ ಆ ಎರಡು ಮಾತು ಕೇಳುವುದು ಅಪರೂಪವಾಯಿತು. ಅಷ್ಟು ಹೊತ್ತಿಗೆ ಮುನಿವೆಂಕಟಮ್ಮ ನಿವೃತ್ತರಾಗಿ ಬೈರಕೂರಿಗೆ ಹೋಗಿಯಾಗಿತ್ತು.

ಹೋದವರು ಮೊದಲು ಮಾಡಿದ ಕೆಲಸವೆಂದರೆ ಶ್ರೀನಿವಾಸಪುರದ ತವರಿನಿಂದ ಬುಟ್ಟಿಯಲ್ಲಿ ಒಂದು ಹೇಂಟೆ, ಒಂದು ಹುಂಜ ಇಟ್ಟುಕೊಂಡು ಬಸ್ಸು ಹತ್ತಿದ್ದು. ಅವು ಅವರ ತಾಯಿ ಸಾಕಿದ ಬೋಳು ಕುತ್ತಿಗೆಯ ನಾಟಿ ಕೋಳಿಗಳ ವಂಶದವು. ಮದುವೆಯಲ್ಲಿ ತಾಯಿ ಒಂದು ಹೇಂಟೆ ಕೊಟ್ಟು ಕಳಿಸಿದ್ದರಂತೆ. ಹ್ಯಾಚರಿಗೆ ಸೇರಿದಾಗ ನಿಯಮಕ್ಕಾಗಿ ಅದನ್ನೂ ಅದರ ಮರಿಗಳನ್ನೂ ತವರಿಗೇ ವಾಪಸು ಬಿಟ್ಟು ಬಂದಿದ್ದರು. ಕೆಲಸವಿದ್ದಷ್ಟು ಕಾಲವೂ ಬೇರೆಯವರ ಮೊಟ್ಟೆ ನೋಡುತ್ತಾ ತಾಯಿಯ ಕೋಳಿಗೆ ಕಾದವರು ಅವರು. ತಾಯಿ ಈಗಿಲ್ಲ. ತವರಿನಲ್ಲೂ ಯಾರೂ ಆ ಕೋಳಿ ಸಾಕುತ್ತಿಲ್ಲ. ಉಳಿದದ್ದು ಬೈರಕೂರಿನ ಅಂಗಳದಲ್ಲಿದ್ದದ್ದಷ್ಟೇ.

ನನ್ನ ನಿವೃತ್ತಿ ಹತ್ತಿರ ಬಂದಿದ್ದಾಗ ಅವರ ಸೊಸೆ ಭಾಗ್ಯ ಫೋನು ಮಾಡಿದಳು. ಊರಿಗೆ ಕೊಕ್ಕರೆ ರೋಗ ಬಂದು ಕೋಳಿಗಳು ಕತ್ತು ತಿರುಚಿಕೊಂಡು ಬೀಳುತ್ತಿವೆ, ಅತ್ತೆಯವೂ ಎಲ್ಲ ಹೋದವು, ಕಾವು ಕೂತಿದ್ದ ಹೇಂಟೆಯೂ ಹೋಯಿತು ಎಂದಳು. ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿದ್ದ ಮೊಟ್ಟೆಗಳು ತಣ್ಣಗಿದ್ದವಂತೆ. ಕಾವು ಮುಗಿಯಲು ಒಂದು ವಾರವೂ ಉಳಿದಿರಲಿಲ್ಲ. ಅವಳು ಅವನ್ನು ಬಲ್ಬಿನ ಕೆಳಗೆ ಇಟ್ಟಿದ್ದಳು. ಆಮೇಲೆ ಮುನಿವೆಂಕಟಮ್ಮನೇ ಫೋನು ಇಸಿದುಕೊಂಡರು.

“ಏಮೇ ಪದ್ಮಾ, ನನ್ ಕಣ್ಣಿಗೆ ಪೊರೆ ಬಂದೈತೆ, ಬೆಳಕೊಂದು ಬಿಟ್ರೆ ಏನೂ ಕಾಣಲ್ಲ. ಬಂದು ನೋಡ್ತೀಯಾ? ಬಲ್ಬಿಗೆ ಎಲ್ಲಾ ಬಿಸಿ ಆಗ್ಬಿಟ್ಟೈತೆ ಕಣೇ. ಬಲ್ಬಿನ ಬಿಸಿನೋ ಮರಿ ಬಿಸಿನೋ ರೆಪ್ಪೆಗೂ ತಿಳೀತಿಲ್ಲ.”

ಅವರು ಯಾರ ಹತ್ತಿರವಾದರೂ ಸಹಾಯ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊಟ್ಟೆಗಳನ್ನು ಹ್ಯಾಚರಿಗೆ ತರಿಸುವ ಮಾತೇ ಇರಲಿಲ್ಲ. ನಾನು ಡಾಕ್ಟರ್ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ, “ಹೋಗಿ ಪದ್ಮಮ್ಮ. ಆದ್ರೆ ಹೋದ್ರೆ ಮತ್ತೆ ನಿಮ್ಮನ್ನ ಒಳಗೆ ಬಿಡೋಕಾಗಲ್ಲ. ನಿಮ್ಮ ಕೊನೇ ದಿನ ಅಷ್ಟರೊಳಗೆ ಬಂದುಬಿಡುತ್ತೆ,” ಎಂದರು. ಅದು ನನಗೂ ಗೊತ್ತಿತ್ತು. ಕೊನೆಯ ದಿನ ಆ ಕೋಣೆಯಲ್ಲಿ ಕೂತು, ಹುಡುಗಿಯರ ಜೊತೆ ಒಂದು ಟ್ರೇಯನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ನೋಡಿ ಎದ್ದು ಬರಬೇಕು ಎಂದು ನಾನು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಆ ಆಸೆ ಬಿಡಲು ಮನಸ್ಸಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೋಣೆಯ ಬಾಗಿಲು ಒಂದು ಸಲ ಮುಟ್ಟಿ ಹೊರಟೆ. ಮರಿ ಬಂದರೆ ಹಾಕಲೆಂದು ಮೇಡಂ ಕೊಕ್ಕರೆ ರೋಗದ ಲಸಿಕೆಯನ್ನು ಐಸ್ ಇಟ್ಟ ಫ್ಲಾಸ್ಕಿನಲ್ಲಿ ಕೊಟ್ಟು ಕಳಿಸಿದರು.

ಕೋಲಾರದಲ್ಲಿ ಬಸ್ಸು ಬದಲಿಸಿ, ಮುಳಬಾಗಿಲಿನಲ್ಲಿ ಮತ್ತೆ ಬದಲಿಸಿ ಬೈರಕೂರು ಮುಟ್ಟಿದೆ. ಅಂಗಳಕ್ಕೆಲ್ಲ ಸುಣ್ಣ ಚೆಲ್ಲಿದ್ದರು. ಒಂದು ಕೋಳಿಯ ಸದ್ದೂ ಇರಲಿಲ್ಲ. ಮುನಿವೆಂಕಟಮ್ಮ ಹೊಸಿಲ ಪಕ್ಕ, ಬಲ್ಬು ಇಳಿಬಿಟ್ಟ ಬುಟ್ಟಿಯನ್ನು ತಬ್ಬಿಕೊಂಡ ಹಾಗೆ ಕೂತಿದ್ದರು. ನನ್ನ ಹೆಜ್ಜೆ ಕೇಳಿ, “ಇಷ್ಟೊತ್ತಾ?” ಎಂದರು. ಭಾಗ್ಯ ನನ್ನನ್ನು ಪಕ್ಕಕ್ಕೆ ಕರೆದು, “ಕಣ್ಣಿನ ಆಪರೇಷನ್‌ಗೆ ಬನ್ನಿ ಅಂತ ಎಷ್ಟು ಸಲ ಹೇಳಿದ್ದೀನಿ ಅಕ್ಕಾ, ಕೇಳಲ್ಲ. ಈಗ ಕೋಳಿನೂ ಹೋದ್ಮೇಲೆ ಏನ್ ನೋಡೋಕೆ ಅಂತಾರೆ,” ಎಂದಳು.

ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳದ ಮನೆ ಆಗ ಖಾಲಿಯಿತ್ತು, ಬುಟ್ಟಿ, ಬಲ್ಬು ಅಲ್ಲಿಗೇ ಒಯ್ದೆವು. ರೇಷ್ಮೆ ಮೊಟ್ಟೆ ಒಡೆಯುವ ಮುಂಚೆ ಮುಚ್ಚಿಡುವ ಕಪ್ಪು ಬಟ್ಟೆಯನ್ನು ಭಾಗ್ಯ ತಂದಳು. ಬಾಗಿಲು ಹಾಕಿ, ಅದನ್ನು ತಲೆಯ ಮೇಲೆ ಹೊದ್ದು, ಮೊಬೈಲಿನ ಟಾರ್ಚಿಗೆ ತೂತು ಮಾಡಿದ ರಟ್ಟು ಇಟ್ಟು ಮೊದಲನೆಯ ಮೊಟ್ಟೆ ಹಿಡಿದೆ. ಬೆಳೆದ ಮೊಟ್ಟೆಯಲ್ಲಿ ಎಳೆ, ಚುಕ್ಕಿ ಏನೂ ಕಾಣುವುದಿಲ್ಲ. ಮರಿಯೇ ತುಂಬಿಕೊಂಡು ಎಲ್ಲ ಕಪ್ಪಾಗಿರುತ್ತದೆ. ಮೇಲೆ ಗಾಳಿ ಇರುವ ಜಾಗ ಮಾತ್ರ ತಿಳಿಯಾಗಿರುತ್ತದೆ, ಅದರ ಅಂಚಿನಲ್ಲಿ ನೆರಳು ಅಲುಗುತ್ತದೆಯೋ ಎಂದು ಕಾಯಬೇಕು. ಇದರಲ್ಲಿ ಅಂಚೇ ಇರಲಿಲ್ಲ. ಓಲಾಡಿಸಿದರೆ ಒಳಗಿನದೆಲ್ಲ ಕೆಸರು ನೀರಿನ ಹಾಗೆ ವಾಲುತ್ತಿತ್ತು.

ಪಕ್ಕದಲ್ಲಿ ಕೂತ ಮುನಿವೆಂಕಟಮ್ಮ ಕೈ ಚಾಚಿ, “ವಸ್ತುಂದಾ, ರಾದಾ?” ಎಂದರು.

ಅವರು ಕಲಿಸಿದ ಮಾತನ್ನು ಅವರಿಗೇ ಹೇಳಬೇಕಾಗಿತ್ತು. “ರಾದು ಅಕ್ಕಾ,” ಎಂದೆ. ಅವರು ಇಸಿದುಕೊಂಡು ಚಾಪೆಯ ಮೇಲೆ ತಡವಿ ಇಟ್ಟರು. ಮತ್ತೊಂದು, ರಾದು. ಅದರ ಮುಂದಿನದೂ ರಾದು. ನಾನು ಹೇಳುತ್ತಾ ಹೋದ ಹಾಗೆ ಚಾಪೆಯ ಮೇಲೆ ಸಾಲು ಬೆಳೆಯಿತು. ಅವರು ಒಂದು ಸಲವೂ ಸರಿಯಾಗಿ ನೋಡೇ ಎನ್ನಲಿಲ್ಲ. ಅಂದಿದ್ದರೆ ನಾನು ಸೋತುಬಿಡುತ್ತಿದ್ದೆನೇನೋ. ಒಂದರಲ್ಲಿ ಮಾತ್ರ ಗಾಳಿಯ ಅಂಚಿನಲ್ಲಿ ನೆರಳು ಪಟಕ್ಕನೆ ಒದೆಯಿತು. “ವಸ್ತುಂದಿ,” ಎಂದೆ. ಅವರು ಉಸಿರು ಬಿಟ್ಟದ್ದು ಬಟ್ಟೆಯೊಳಗಿದ್ದ ನನಗೂ ಕೇಳಿಸಿತು. ಕೊನೆಗೆ ಮೂರು ಮೊಟ್ಟೆ ಉಳಿದವು. ಅವುಗಳ ಅಂಚು ನೆಟ್ಟಗಿತ್ತು, ಆದರೆ ಏನೂ ಅಲುಗಲಿಲ್ಲ. ಚಳಿ ಹಿಡಿದ ಮರಿ ಹಾಗೇ ಸುಮ್ಮನಿರುವುದೂ ಉಂಟು. ಬಾಯಿ ತುದಿಗೆ ‘ವಸ್ತುಂದಿ’ ಬಂದಿತ್ತು. ನುಂಗಿಕೊಂಡು, “ಅನುಮಾನ ಅಕ್ಕಾ,” ಎಂದೆ.

ಮುನಿವೆಂಕಟಮ್ಮ, “ಭಾಗ್ಯಾ, ಬಲ್ಬು ಆರಿಸು,” ಎಂದರು.

“ಬೇಡ ಅತ್ತೆ, ಇರೋ ಒಂದೂ ತಣ್ಣಗಾದ್ರೆ?” ಎಂದಳು ಭಾಗ್ಯ.

“ಆ ಒಂದನ್ನ ನಿನ್ನ ಸೆರಗಲ್ಲಿ ಇಟ್ಕೋ. ಈ ಮೂರರ ಮೇಲಿಂದ ಬಿಸಿ ತೆಗೆದ್ರೇನೇ ಅವುಗಳ ಸ್ವಂತದ್ದು ಎಷ್ಟೈತೆ ಅಂತ ಗೊತ್ತಾಗೋದು.”

ಕಾಫಿ ಮಾಡಿ ಕುಡಿಯುವಷ್ಟು ಹೊತ್ತು ಕಾದೆವು. ಕಾಫಿ ಯಾರಿಗೂ ಸೇರಲಿಲ್ಲ. ಆಮೇಲೆ ಅವರು ಕಣ್ಣು ಮುಚ್ಚಿ ಒಂದೊಂದನ್ನೇ ರೆಪ್ಪೆಯ ಮೇಲೆ ಇಟ್ಟುಕೊಂಡರು. ಮುಚ್ಚಿದರೂ ತೆರೆದರೂ ಒಂದೇ ಆಗಿದ್ದ ಕಣ್ಣು ಅದು. ಮೊದಲನೆಯದನ್ನು ತಾವೇ ಚಾಪೆಯ ಕಡೆಗೆ ಇಟ್ಟರು. ಉಳಿದೆರಡನ್ನು ಬಹಳ ಹೊತ್ತು ಒತ್ತಿಕೊಂಡಿದ್ದು ನನ್ನ ಕೈಗೆ ಕೊಟ್ಟರು. “ಇವು ವಸ್ತುಂದಿ,” ಎಂದರು. ಡಾಕ್ಟರ್ ಮೇಡಂ ಅಲ್ಲಿದ್ದಿದ್ದರೂ ಬೈಯುತ್ತಿರಲಿಲ್ಲ ಎಂದು ನನಗೆ ಅನ್ನಿಸಿತು.

ಹೇಗೂ ಹ್ಯಾಚರಿಗೆ ಹೋಗುವ ಹಾಗಿರಲಿಲ್ಲ, ನಾನು ಅಲ್ಲೇ ಉಳಿದೆ. ರಟ್ಟಿನ ಪೆಟ್ಟಿಗೆ, ಬಲ್ಬು, ತೇವಕ್ಕೆ ಒಂದು ಬಟ್ಟಲು ನೀರು. ಹುಳದ ಮನೆಯ ಬಿಸಿ, ತೇವ ನೋಡಿಕೊಂಡು ಪಳಗಿದ ಭಾಗ್ಯನಿಗೆ ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ. ಒಂದು ಬೆಳಿಗ್ಗೆ ಅವಳು ಕುಂಕುಮದ ಬಟ್ಟಲು ಹಿಡಿದು ಪೆಟ್ಟಿಗೆಯ ಹತ್ತಿರ ಬಂದಾಗ ಮಾತ್ರ ನಾನೂ ಮುನಿವೆಂಕಟಮ್ಮನೂ ಒಟ್ಟಿಗೆ ಕೂಗಿದೆವು. ಅವಳಿಗೆ ಕಾರಣ ಹೇಳುವಷ್ಟರಲ್ಲಿ ಇಬ್ಬರಿಗೂ ನಕ್ಕು ಕಣ್ಣೀರು ಬಂತು. ರೋಗ ಬಂದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವಂತೆ.

ಒದ್ದದ್ದೊಂದು, ರೆಪ್ಪೆಗೆ ತಿಳಿದವೆರಡು, ಒಟ್ಟು ಮೂರರಲ್ಲಿ ಎರಡು ಬಂದವು. ಮೂರನೆಯದು ಚಿಪ್ಪಿಗೆ ಒಂದು ತೂತು ಕುಟ್ಟಿ ನಿಂತುಬಿಟ್ಟಿತು. ನಾನು ‘ರಾದು’ ಎಂದಾಗ ಮುನಿವೆಂಕಟಮ್ಮ ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರು. ಬಂದ ಮರಿಗಳು ಒಣಗಿದ ಮೇಲೆ ಅವರ ಮಡಿಲಿಗೆ ಹಾಕಿದೆ. ಒಂದರ ಕುತ್ತಿಗೆಯ ಮೇಲೆ ಬೆರಳು ಆಡಿಸಿದರು, ತುಪ್ಪಳವಿತ್ತು. ಇನ್ನೊಂದರ ಮೇಲೆ ಆಡಿಸಿದರು. ಬೆರಳು ಅಲ್ಲೇ ನಿಂತಿತು. ಬೋಳು. “ಅಮ್ಮನ ಕೋಳಿ ಕಣೇ,” ಎಂದು ಅತ್ತುಬಿಟ್ಟರು. ನಾನೂ ಅತ್ತೆ. ಅಷ್ಟು ವರ್ಷ ಲೆಕ್ಕವಿಲ್ಲದಷ್ಟು ಮೊಟ್ಟೆ ನೋಡಿದ್ದೆ, ಒಂದು ಮರಿಗಾಗಿಯೂ ಅತ್ತಿರಲಿಲ್ಲ.

ಊರಿನ ರೋಗದ ಭಯಕ್ಕೆ, ಫ್ರಿಜ್ಜಿನಲ್ಲಿ ಇಟ್ಟಿದ್ದ ಲಸಿಕೆಯನ್ನು ತಡಮಾಡದೆ ಹಾಕಬೇಕಿತ್ತು. ಅದನ್ನು ಕಣ್ಣಿಗೆ ಒಂದು ಹನಿ ಬಿಡುವುದು. ಮರಿಯನ್ನು ಮುನಿವೆಂಕಟಮ್ಮನೇ ಹಿಡಿದರು, ನಾನು ಹನಿ ಬಿಟ್ಟೆ. ಮರಿ ಒಂದು ಸಲ ರೆಪ್ಪೆ ಬಡಿದು ಸುಮ್ಮನಾಯಿತು.

“ಕಿರುಚಲೂ ಇಲ್ಲ ನೋಡೇ,” ಎಂದರು ಅವರು. ಆಮೇಲೆ ಬಹಳ ಹೊತ್ತು ಮರಿಯನ್ನು ಸವರುತ್ತಾ ಕೂತಿದ್ದು, “ಪದ್ಮಾ, ಆ ಟಾರ್ಚ್ ಎಲ್ಲಿ?” ಎಂದರು.

“ಯಾಕಕ್ಕಾ?”

“ಹಿಡಿಯೇ ನನ್ ಕಣ್ಣಿಗೆ. ನೋಡಿ ಹೇಳು. ಕನಿಕರಕ್ಕೆ ಹೇಳ್ಬೇಡ.”

ಹುಳದ ಮನೆಗೆ ಹೋಗಿ ಬಾಗಿಲು ಹಾಕಿದೆವು. ಇಬ್ಬರ ತಲೆಯ ಮೇಲೂ ಕಪ್ಪು ಬಟ್ಟೆ ಎಳೆದುಕೊಂಡೆ. ಬಲಗಣ್ಣಿಗೆ ಬೆಳಕು ಹಿಡಿದೆ. ಪಾಪೆಯ ನಡುವೆ ಗಂಜಿ ತಿಳಿಯ ಹಾಗೆ ಬಿಳಿ ಕಟ್ಟಿತ್ತು. ನಾನು ಡಾಕ್ಟರಲ್ಲ, ಆಪರೇಷನ್ ಮಾಡಿದರೆ ಏನಾಗುತ್ತದೆ ಎಂದು ಹೇಳುವ ವಿದ್ಯೆ ನನಗಿಲ್ಲ. ನನಗೆ ಗೊತ್ತಿರುವುದು ಒಂದೇ, ಬೆಳಕು ತಾಗಿದಾಗ ಒಳಗೆ ಏನಾದರೂ ಮಿಸುಕುತ್ತದೆಯೋ ಎಂದು ಕಾದು ನೋಡುವುದು. ಕಾದೆ. ಆ ಬಿಳಿಯ ಸುತ್ತ ಪಾಪೆ ಮೆಲ್ಲಗೆ ಸಣ್ಣಗಾಯಿತು. ಟಾರ್ಚು ಸರಿಸಿದೆ, ದೊಡ್ಡದಾಯಿತು. ಮತ್ತೆ ಹಿಡಿದೆ, ಮತ್ತೆ ಸಣ್ಣಗಾಯಿತು.

“ವಸ್ತುಂದಾ, ರಾದಾ?” ಎಂದರು ಅವರು.

“ವಸ್ತುಂದಿ ಅಕ್ಕಾ.”

ಅವರು ಬಟ್ಟೆ ಸರಿಸಿ, ಗೋಡೆ ಹಿಡಿದು ಎದ್ದು ಬಾಗಿಲು ತೆಗೆದರು. ಆಮೇಲೆ ಅಡಿಗೆಮನೆಯ ಕಡೆ ಮುಖ ಮಾಡಿ, “ಭಾಗ್ಯಾ, ಕೋಲಾರದ ಆಸ್ಪತ್ರೆಗೆ ಹೋಗೋ ಬಸ್ಸು ನಾಳೆ ಎಷ್ಟೊತ್ತಿಗೆ ಬರುತ್ತೆ ಕೇಳಮ್ಮ,” ಎಂದರು. ಬೋಳು ಕುತ್ತಿಗೆಯ ಮರಿ ಅವರ ಸೆರಗಿನೊಳಗಿನಿಂದ ಚಿಂವ್ ಎನ್ನುತ್ತಿತ್ತು.